ಒಂದು ಸುತ್ತಿನ ಓಟ: ಮಹಿಳೆಯರ ನಾನೂರು ಮೀಟರ್ ಸ್ಪರ್ಧೆಯೂ ದಾಖಲೆಯ ಪ್ರಶ್ನೆಯೂ

೧

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ—ಈ ನಾಲ್ಕು ತಾಲ್ಲೂಕುಗಳಿಂದ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿನಿಯರಲ್ಲಿ ಒಬ್ಬಾಕೆ, ಇತಿಹಾಸದ ಆಕರಗಳನ್ನು ಕುರಿತ ಪಾಠ ಮುಗಿದ ಬಳಿಕ ನಮ್ಮನ್ನು ಎರಡು ಪ್ರಶ್ನೆಗಳನ್ನು ಕೇಳಿದಳು. “ಸಾರ್, ನಾನೂರು ಮೀಟರಿನ ಓಟವನ್ನು ಒಂದು ಸುತ್ತಿನ ಓಟ ಎನ್ನುತ್ತಾರೆ. ನಾನು ಮೊದಲು ಓದಿದ ಕಡೆ ಎರಡು ಸುತ್ತು ಓಡಿಸುತ್ತಿದ್ದರು. ಯಾವುದು ಸರಿ?” ಎಂಬುದು ಮೊದಲನೆಯದು. “ಹೆಣ್ಣುಮಕ್ಕಳಿಗೆ ಈ ಓಟ ಯಾವಾಗಿನಿಂದ ಇದೆ?” ಎಂಬುದು ಎರಡನೆಯದು. ಆಕೆಯ ಕೈಯಲ್ಲಿ ಹಳೆಯ ಪ್ರಶಸ್ತಿಪತ್ರವೊಂದಿತ್ತು. ನಾನೂರು ಮೀಟರ್, ಪ್ರಥಮ ಸ್ಥಾನ, ೬೩ ಸೆಕೆಂಡು ಎಂದು ಅದರಲ್ಲಿ ಬರೆದಿತ್ತು. ಕೊಡಗಿನ ಎಂ. ಆರ್. ಪೂವಮ್ಮನವರಿಗಿಂತ ತಾನು ಎಷ್ಟು ಹಿಂದೆ ಇದ್ದೇನೆಂಬುದನ್ನು ತಿಳಿಯುವುದು ಆಕೆಯ ಉದ್ದೇಶವಾಗಿತ್ತು.

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಓಟದ ಮಾತೇಕೆ ಎಂದು ವಾಚಕರು ಕೇಳಬಹುದು. ಕನ್ನಡದಲ್ಲಿ ‘ದಾಖಲೆ’ ಎಂಬ ಒಂದೇ ಮಾತು ಇತಿಹಾಸಕಾರನ ಆಕರಕ್ಕೂ ಓಟಗಾರ್ತಿಯ ಸಾಧನೆಗೂ ಸಲ್ಲುತ್ತದೆ. ಇದನ್ನು ಕೇವಲ ಶಬ್ದಸಾಮ್ಯವೆಂದು ನಾವು ತಿಳಿಯುವುದಿಲ್ಲ. ಎರಡನ್ನೂ ಪರೀಕ್ಷಿಸದೆ ಒಪ್ಪಲಾಗದು. ಎರಡಕ್ಕೂ ಬರೆದವರಾರು, ಅಳೆದವರಾರು, ಯಾವ ಅಳತೆಗೋಲಿನಿಂದ ಎಂಬ ಪ್ರಶ್ನೆಗಳನ್ನು ಹಾಕಲೇಬೇಕು. ಆದಕಾರಣ ಈ ವಿದ್ಯಾರ್ಥಿನಿಯ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ನಮ್ಮ ಕೆಲಸವೇ ಸರಿ.

೨

ಮೊದಲು ಸುತ್ತಿನ ವಿಚಾರ. ಅಂತರರಾಷ್ಟ್ರೀಯ ನಿಯಮದಂತೆ ಹಾಕಿದ ಓಟದ ಪಥದಲ್ಲಿ ಎರಡು ನೇರ ಭಾಗಗಳೂ ಎರಡು ಅರ್ಧವೃತ್ತಾಕಾರದ ತಿರುವುಗಳೂ ಇರುತ್ತವೆ. ಪ್ರಚಲಿತವಾಗಿರುವ ಮಾದರಿಯಲ್ಲಿ ಒಂದೊಂದು ನೇರದ ಉದ್ದ ೮೪.೩೯ ಮೀಟರ್, ತಿರುವಿನ ಒಳ ಅಂಚಿನ ತ್ರಿಜ್ಯ ೩೬.೫೦ ಮೀಟರ್. ಓಡುವವರು ಅಂಚಿಗೆ ತಾಗಿಕೊಂಡು ಓಡಲಾರರಾದ್ದರಿಂದ ಅಂಚಿನಿಂದ ೩೦ ಸೆಂಟಿಮೀಟರ್ ಹೊರಗೆ ಅಳತೆ ಹಿಡಿಯುತ್ತಾರೆ. ಹಾಗೆ ಲೆಕ್ಕ ಹಾಕಿದರೆ ಒಳಗಿನ ಓಣಿಯ ಒಂದು ಸುತ್ತು ಸರಿಯಾಗಿ ೪೦೦ ಮೀಟರ್ ಆಗುತ್ತದೆ.

ಪ್ರತಿಯೊಂದು ಓಣಿಯ ಅಗಲ ೧.೨೨ ಮೀಟರ್. ಹೊರಗಿನ ಓಣಿಯ ಸುತ್ತು ಒಳಗಿನದಕ್ಕಿಂತ ದೊಡ್ಡದಾಗುವುದು ಸಹಜ. ಈ ಅಸಮಾನತೆಯನ್ನು ಹೋಗಲಾಡಿಸಲು ಹೊರಗಿನವರನ್ನು ಮುಂದಕ್ಕೆ ನಿಲ್ಲಿಸುತ್ತಾರೆ: ಎರಡನೆಯ ಓಣಿಯವಳು ಸುಮಾರು ೭ ಮೀಟರ್ ಮುಂದೆ, ಎಂಟನೆಯ ಓಣಿಯವಳು ಸುಮಾರು ೫೩ ಮೀಟರ್ ಮುಂದೆ. ಪ್ರೇಕ್ಷಕರಿಗೆ ಇದು ಅನ್ಯಾಯದಂತೆ ತೋರುವುದುಂಟು. ವಾಸ್ತವವಾಗಿ ಕಷ್ಟ ಹೊರಗಿನವಳದು. ಕೊನೆಯ ನೇರ ತಲುಪುವ ತನಕ ತನ್ನ ಹಿಂದೆ ಯಾರು ಎಷ್ಟು ಸಮೀಪ ಬಂದಿದ್ದಾರೆಂದು ಆಕೆ ಕಾಣಲಾರಳು. ಎಂಟುನೂರು ಮೀಟರಿನಲ್ಲಿ ಮೊದಲ ತಿರುವಿನ ಬಳಿಕ ಒಳಗೆ ಸರಿಯಬಹುದು. ನಾನೂರರಲ್ಲಿ ಕೊನೆಯವರೆಗೂ ಅವರವರ ಓಣಿ ಅವರವರದೇ.

ಈ ಓಟದ ಮತ್ತೊಂದು ವೈಶಿಷ್ಟ್ಯ ದೇಹಶಾಸ್ತ್ರಕ್ಕೆ ಸಂಬಂಧಿಸಿದುದು. ಸ್ನಾಯುಗಳಲ್ಲಿ ಸಿದ್ಧವಾಗಿರುವ ಶಕ್ತಿ ಕೆಲವೇ ಸೆಕೆಂಡುಗಳ ಪೂರ್ಣವೇಗಕ್ಕೆ ಸಾಲುತ್ತದೆ. ಅನಂತರ ದೇಹವು ಸಾಕಷ್ಟು ಆಮ್ಲಜನಕವಿಲ್ಲದೆಯೇ ತನ್ನ ಸಕ್ಕರೆಯ ಸಂಗ್ರಹವನ್ನು ಒಡೆದು ಶಕ್ತಿ ಪಡೆಯಬೇಕಾಗುತ್ತದೆ. ಅದರೊಡನೆ ಸ್ನಾಯುಗಳಲ್ಲಿ ಆಮ್ಲತೆ ಏರಿ ಕಾಲು ಕಲ್ಲಾಗುತ್ತದೆ. ಕೊನೆಯ ನೂರು ಮೀಟರಿನಲ್ಲಿ ಒಬ್ಬಳು ಉಳಿದವರನ್ನು ಹಿಂದೆ ಹಾಕಿ ಹಾರಿಹೋದಂತೆ ಕಂಡರೂ ಆಕೆಯ ವೇಗ ಹೆಚ್ಚಿರುವುದಿಲ್ಲ. ಎಲ್ಲರ ವೇಗವೂ ಕುಗ್ಗಿರುತ್ತದೆ, ಆಕೆಯದು ಎಲ್ಲರಿಗಿಂತ ಕಡಿಮೆ ಕುಗ್ಗಿರುತ್ತದೆ. ಮೊದಲರ್ಧದಲ್ಲಿ ಎಷ್ಟು ವ್ಯಯಿಸಬೇಕು, ಎಷ್ಟು ಉಳಿಸಿಕೊಳ್ಳಬೇಕು ಎಂಬ ವಿವೇಚನೆಯೇ ಇಲ್ಲಿ ಗೆಲುವಿನ ಗುಟ್ಟು.

ಎಂಟು ಓಣಿಗಳ ಇಂಥ ಪಥಕ್ಕೆ ಸುಮಾರು ೧೭೭ ಮೀಟರ್ ಉದ್ದ, ೯೩ ಮೀಟರ್ ಅಗಲದ ಸಮತಲ ನೆಲ ಬೇಕು. ಎಂದರೆ ನಾಲ್ಕು ಎಕರೆಗೂ ತುಸು ಹೆಚ್ಚು. ಹಿಪ್ಪುನೇರಳೆ ಬೆಳೆದು ರೇಷ್ಮೆಗೂಡು ಮಾರಿ ಜೀವಿಸುವ ನಮ್ಮ ಸೀಮೆಯಲ್ಲಿ ನಾಲ್ಕು ಎಕರೆ ಎಂದರೆ ಒಂದು ಸಂಸಾರದ ಅನ್ನ. ಅಷ್ಟು ನೆಲವಿಲ್ಲದ ವಿದ್ಯಾಸಂಸ್ಥೆ ಚಿಕ್ಕ ಬಯಲಿನಲ್ಲಿ ಎರಡು ಸುತ್ತು ಓಡಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಬಿಗಿಯಾದ ತಿರುವುಗಳನ್ನು ನಾಲ್ಕು ಸಲ ಹಾಯುವುದಕ್ಕೂ ವಿಶಾಲವಾದ ತಿರುವುಗಳನ್ನು ಎರಡು ಸಲ ಹಾಯುವುದಕ್ಕೂ ವ್ಯತ್ಯಾಸವುಂಟು. ದೂರ ಒಂದೇ ಆದರೂ ಓಟ ಒಂದೇ ಅಲ್ಲ.

೩

ಇನ್ನು ಎರಡನೆಯ ಪ್ರಶ್ನೆ. ಒಲಿಂಪಿಕ್ ಕ್ರೀಡಾಕೂಟದ ಓಟ-ನೆಗೆತಗಳಲ್ಲಿ ಮಹಿಳೆಯರಿಗೆ ಪ್ರವೇಶ ದೊರೆತುದು ೧೯೨೮ರ ಆಮ್‌ಸ್ಟರ್‌ಡ್ಯಾಮಿನಲ್ಲಿ. ಅಲ್ಲಿ ಎಂಟುನೂರು ಮೀಟರ್ ಓಟವೂ ಇತ್ತು. ಜರ್ಮನಿಯ ಲೀನಾ ರಾಡ್ಕೆ ೨ ನಿಮಿಷ ೧೬.೮ ಸೆಕೆಂಡುಗಳಲ್ಲಿ ಗೆದ್ದರು. ಜಪಾನಿನ ಕಿನುಯೆ ಹಿಟೋಮಿ ಎರಡನೆಯವರಾಗಿ ಒಲಿಂಪಿಕ್ ಪದಕ ಪಡೆದ ಏಷ್ಯದ ಮೊದಲ ಮಹಿಳೆಯಾದರು. ಮರುದಿನದ ಕೆಲವು ಪತ್ರಿಕೆಗಳು ಓಟಗಾರ್ತಿಯರು ದಾರಿಯಲ್ಲೇ ಕುಸಿದುಬಿದ್ದರೆಂದು ಬರೆದವು. ಅಂತಿಮ ಸ್ಪರ್ಧೆಯಲ್ಲಿ ಓಡಿದವರು ಒಂಬತ್ತು ಮಂದಿ. ಒಂಬತ್ತು ಮಂದಿಯೂ ಗುರಿ ಮುಟ್ಟಿದ್ದರು. ಗುರಿ ಮುಟ್ಟಿದ ಮೇಲೆ ದಣಿದು ಕುಳಿತವರು ಇದ್ದಿರಬಹುದು. ಗಂಡಸರ ಓಟದಲ್ಲಿ ಅದನ್ನು ಯಾರೂ ಸುದ್ದಿಯೆಂದು ಎಣಿಸುತ್ತಿರಲಿಲ್ಲ. ಆದರೆ ಫಲಿತಾಂಶದ ಪಟ್ಟಿಗಿಂತ ಪತ್ರಿಕೆಯ ವರದಿಯೇ ಹೆಚ್ಚು ನಂಬಿಕೆಗೆ ಪಾತ್ರವಾಯಿತು. ಎಂಟುನೂರು ಮೀಟರ್ ೧೯೬೦ರ ರೋಮ್ ಕೂಟದವರೆಗೆ ಹಿಂತಿರುಗಲಿಲ್ಲ. ಇನ್ನೂರು ಮೀಟರ್ ಸಹ ಬಂದುದು ೧೯೪೮ರಲ್ಲಿ. ೧೯೫೧ರಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಏಷ್ಯನ್ ಕ್ರೀಡಾಕೂಟದಲ್ಲಿಯೂ ಮಹಿಳೆಯರಿಗೆ ಇನ್ನೂರು ಮೀಟರಿಗಿಂತ ದೀರ್ಘವಾದ ಓಟವಿರಲಿಲ್ಲ.

ನಾನೂರು ಮೀಟರಿನ ಮಹಿಳಾ ವಿಶ್ವದಾಖಲೆಯನ್ನು ಅಂತರರಾಷ್ಟ್ರೀಯ ಸಂಸ್ಥೆ ಮಾನ್ಯ ಮಾಡತೊಡಗಿದುದು ೧೯೫೭ರಲ್ಲಿ. ಮರುವರ್ಷ ಸ್ಟಾಕ್‌ಹೋಮಿನ ಯುರೋಪಿಯನ್ ಕೂಟದಲ್ಲಿ ಸೋವಿಯತ್ ದೇಶದ ಮರಿಯಾ ಇಟ್ಕಿನಾ ಈ ಸ್ಪರ್ಧೆಯನ್ನು ಗೆದ್ದರು. ಒಲಿಂಪಿಕ್ ಪಟ್ಟಿಗೆ ಅದು ಸೇರಿದುದು ೧೯೬೪ರ ಟೋಕಿಯೋದಲ್ಲಿ. ಅಲ್ಲಿ ಆಸ್ಟ್ರೇಲಿಯದ ಬೆಟ್ಟಿ ಕತ್‌ಬರ್ಟ್ ೫೨.೦ ಸೆಕೆಂಡುಗಳಲ್ಲಿ ಗೆದ್ದರು. ಇಂಗ್ಲೆಂಡಿನ ಆನ್ ಪ್ಯಾಕರ್ ೫೨.೨ ಸೆಕೆಂಡುಗಳಲ್ಲಿ ಎರಡನೆಯವರಾದರು. ಎಂಟುನೂರು ಮೀಟರ್ ಮೊದಲು ಬಂದು ಅದರ ಅರ್ಧದಷ್ಟಿರುವ ನಾನೂರು ಅನಂತರ ಬಂದುದನ್ನು ಗಮನಿಸಿದರೆ, ಈ ನಿಷೇಧಗಳಿಗೆ ದೇಹಬಲದ ಲೆಕ್ಕ ಆಧಾರವಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಟೋಕಿಯೋದ ಫಲಿತಾಂಶದ ಪಟ್ಟಿಯಲ್ಲಿ ಇಲ್ಲದ ಹೆಸರೊಂದನ್ನೂ ಇಲ್ಲಿ ನೆನೆಯಬೇಕು. ಉತ್ತರ ಕೊರಿಯದ ಶಿನ್ ಗುಮ್ ದಾನ್ ೧೯೬೨ರಲ್ಲಿಯೇ ೫೧.೯ ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಸ್ಥಾಪಿಸಿದ್ದರು. ೧೯೬೩ರಲ್ಲಿ ಜಕಾರ್ತದಲ್ಲಿ ನಡೆದ ‘ಗನೆಫೋ’ ಕೂಟದಲ್ಲಿ ಆಕೆಯ ಕಾಲ ೫೧.೪ ಸೆಕೆಂಡು. ಆ ಕೂಟಕ್ಕೆ ಅಂತರರಾಷ್ಟ್ರೀಯ ಸಂಸ್ಥೆಗಳ ಮನ್ನಣೆ ಇರಲಿಲ್ಲ. ಆದ್ದರಿಂದ ಆ ಕಾಲವನ್ನು ಮಾನ್ಯ ಮಾಡಲಿಲ್ಲ. ಅದರಲ್ಲಿ ಭಾಗವಹಿಸಿದವರಿಗೆ ಟೋಕಿಯೋದ ಬಾಗಿಲು ಮುಚ್ಚಿತು. ಉತ್ತರ ಕೊರಿಯದ ತಂಡವೇ ಹಿಂತಿರುಗಿತು. ಕೊರಿಯದ ಯುದ್ಧದಲ್ಲಿ ಅಗಲಿ ದಕ್ಷಿಣದಲ್ಲಿ ಉಳಿದಿದ್ದ ತಂದೆಯನ್ನು ಟೋಕಿಯೋದಲ್ಲಿ ಕೆಲವೇ ನಿಮಿಷ ಕಂಡು ಆಕೆ ಹೊರಟುಹೋದರು. ಪಟ್ಟಿಯನ್ನು ಮಾತ್ರ ಓದಿದವರಿಗೆ ಆ ವರ್ಷ ಏಷ್ಯದಲ್ಲಿ ಇಂಥ ಓಟಗಾರ್ತಿಯೊಬ್ಬರು ಇದ್ದರೆಂಬುದೇ ತಿಳಿಯದು.

೪

ಭಾರತದ ಮಟ್ಟಿಗೆ ಈ ಓಟದ ಇತಿಹಾಸ ಪ್ರಖ್ಯಾತವಾದುದು ೧೯೭೦ರಲ್ಲಿ. ಬ್ಯಾಂಕಾಕಿನ ಏಷ್ಯನ್ ಕೂಟದಲ್ಲಿ ಕಮಲಜೀತ್ ಸಂಧು ೫೭.೩ ಸೆಕೆಂಡುಗಳಲ್ಲಿ ಓಡಿ, ಆ ಕೂಟಗಳಲ್ಲಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಅನಂತರ ಕೇರಳದ ಪಿ. ಟಿ. ಉಷಾ ೧೯೮೫ರ ಜಕಾರ್ತ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿಯೂ ೧೯೮೬ರ ಸೋಲ್ ಏಷ್ಯನ್ ಕೂಟದಲ್ಲಿಯೂ ಇದೇ ದೂರವನ್ನು ಗೆದ್ದರು.

ಕರ್ನಾಟಕದ ಹೆಸರು ಇಲ್ಲಿ ಎದ್ದುಕಾಣುವುದು ಈ ಶತಮಾನದಲ್ಲಿ. ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ ೨೦೧೦ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲೂ ಗುವಾಂಗ್‌ಜೌ ಏಷ್ಯನ್ ಕೂಟದಲ್ಲೂ ನಾಲ್ವರು ಒಂದೊಂದು ಸುತ್ತು ಓಡುವ ರಿಲೇಯಲ್ಲಿ ಚಿನ್ನದ ತಂಡದಲ್ಲಿದ್ದರು; ಗುವಾಂಗ್‌ಜೌದಲ್ಲಿ ನಾನೂರು ಮೀಟರ್ ಹರ್ಡಲ್ಸನ್ನೂ ಗೆದ್ದರು. ಕೊಡಗಿನ ಗೋಣಿಕೊಪ್ಪಲಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದ ಪೂವಮ್ಮ ೨೦೧೩ರ ಪುಣೆ ಏಷ್ಯನ್ ಚಾಂಪಿಯನ್‌ಷಿಪ್‌ನ ನಾನೂರು ಮೀಟರಿನಲ್ಲಿ ಬೆಳ್ಳಿ ಪಡೆದರು. ಮರುವರ್ಷ ದಕ್ಷಿಣ ಕೊರಿಯದ ಇಂಚಿಯಾನ್ ಏಷ್ಯನ್ ಕೂಟದಲ್ಲಿ ಬಹರೇನಿನ ಕೆಮಿ ಅಡೆಕೋಯ ೫೧.೫೯, ವಿಯೆಟ್ನಾಮಿನ ಕ್ವಾಚ್ ಥಿ ಲಾನ್ ೫೨.೦೬, ಪೂವಮ್ಮ ೫೨.೩೬ ಸೆಕೆಂಡು—ಈ ಕ್ರಮದಲ್ಲಿ ಗುರಿ ಮುಟ್ಟಿದರು. ಮೊದಲನೆಯವಳಿಗೂ ಮೂರನೆಯವಳಿಗೂ ನಡುವಣ ಅಂತರ ಒಂದು ಸೆಕೆಂಡಿಗೂ ಕಡಿಮೆ. ಕೆಲವು ದಿನಗಳ ಬಳಿಕ ರಿಲೇಯ ಕೊನೆಯ ಸುತ್ತನ್ನು ಓಡಿದವರೂ ಪೂವಮ್ಮನವರೇ. ಭಾರತ ೩ ನಿಮಿಷ ೨೮.೬೮ ಸೆಕೆಂಡುಗಳಲ್ಲಿ ಗೆದ್ದಿತು. ೨೦೦೨ರಿಂದ ೨೦೧೮ರವರೆಗೆ ಸತತವಾಗಿ ಐದು ಏಷ್ಯನ್ ಕೂಟಗಳಲ್ಲಿ ಈ ರಿಲೇಯ ಚಿನ್ನ ಭಾರತದ ಮಹಿಳೆಯರದಾಗಿತ್ತು.

ಸಂಧು ಅವರ ೫೭.೩ನ್ನೂ ಪೂವಮ್ಮನವರ ೫೨.೩೬ನ್ನೂ ಪಕ್ಕಪಕ್ಕದಲ್ಲಿಟ್ಟರೆ, ಎರಡನೆಯವರು ಗುರಿ ಮುಟ್ಟುವಾಗ ಮೊದಲನೆಯವರು ಸುಮಾರು ೩೪ ಮೀಟರ್ ಹಿಂದಿರುತ್ತಾರೆಂದು ಗಣಿತ ಹೇಳುತ್ತದೆ. ಆದರೆ ಈ ಎರಡು ಅಂಕಿಗಳ ನಡುವೆ ನಾಲ್ವತ್ತನಾಲ್ಕು ವರ್ಷಗಳ ಆಹಾರ, ತರಬೇತಿ, ನೆಲಹಾಸು, ಗಡಿಯಾರಗಳ ವ್ಯತ್ಯಾಸವಿದೆ. ಹತ್ತನೆಯ ಒಂದು ಸೆಕೆಂಡನ್ನು ಮಾತ್ರ ತೋರಿಸುವ ಅಂಕಿಗೂ ನೂರನೆಯ ಒಂದು ಸೆಕೆಂಡನ್ನು ತೋರಿಸುವ ವಿದ್ಯುತ್ ಗಡಿಯಾರದ ಅಂಕಿಗೂ ಒಂದೇ ತೂಕವಿಲ್ಲ. ಈ ದೂರದವರೆಗಿನ ವಿಶ್ವದಾಖಲೆಗಳಿಗೆ ವಿದ್ಯುತ್ ಗಡಿಯಾರ ಕಡ್ಡಾಯವಾದುದು ೧೯೭೭ರಿಂದ.

೫

ದಾಖಲೆಯ ಪರೀಕ್ಷೆ ಅಳತೆ-ಗಡಿಯಾರಗಳಿಗೆ ಮುಗಿಯುವುದಿಲ್ಲ. ಈ ಓಟದ ವಿಶ್ವದಾಖಲೆ ಪೂರ್ವ ಜರ್ಮನಿಯ ಮರೀತಾ ಕೋಖ್ ೧೯೮೫ರಲ್ಲಿ ಕ್ಯಾನ್‌ಬೆರಾದಲ್ಲಿ ಓಡಿದ ೪೭.೬೦ ಸೆಕೆಂಡು. ೨೦೨೫ರಲ್ಲಿ ಟೋಕಿಯೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಸಿಡ್ನಿ ಮೆಕ್ಲಾಫ್ಲಿನ್-ಲೆವ್ರೋನ್ ೪೭.೭೮ರಲ್ಲಿ ಗೆದ್ದು ಅದರ ಹತ್ತಿರಕ್ಕೆ ಬಂದರೂ ಅದನ್ನು ದಾಟಲಿಲ್ಲ. ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಕ್ರೀಡಾಪಟುಗಳಿಗೆ ಮದ್ದು ಕೊಡಿಸುತ್ತಿತ್ತೆಂಬುದು ಆ ರಾಜ್ಯ ಅಳಿದ ಮೇಲೆ ಹೊರಬಂದ ಕಡತಗಳಿಂದ ಸಿದ್ಧವಾಗಿದೆ. ಕೋಖ್ ಅವರಾದರೋ ಯಾವ ಪರೀಕ್ಷೆಯಲ್ಲಿಯೂ ತಪ್ಪಿತಸ್ಥರೆನಿಸಿಲ್ಲ, ಆಪಾದನೆಯನ್ನು ನಿರಾಕರಿಸಿದ್ದಾರೆ. ದಾಖಲೆ ಪಟ್ಟಿಯಲ್ಲಿದೆ, ಸಂದೇಹವೂ ಜೊತೆಗಿದೆ.

ನಮ್ಮವರ ವಿಷಯದಲ್ಲಿಯೂ ಮೌನ ತಾಳುವುದು ಇತಿಹಾಸಧರ್ಮವಲ್ಲ. ೨೦೧೮ರ ಜಕಾರ್ತ ಕೂಟದ ಮಿಶ್ರ ರಿಲೇಯಲ್ಲಿ ಪೂವಮ್ಮನವರಿದ್ದ ತಂಡಕ್ಕೆ ಅಂದು ಬೆಳ್ಳಿ ದೊರೆತಿತ್ತು. ಗೆದ್ದಿದ್ದ ಬಹರೇನಿನ ತಂಡ ಅಡೆಕೋಯ ಅವರ ಮದ್ದಿನ ಕಾರಣದಿಂದ ಅನರ್ಹವಾಗಿ, ೨೦೨೦ರಲ್ಲಿ ಆ ಬೆಳ್ಳಿ ಚಿನ್ನವಾಯಿತು. ಅನಂತರ ೨೦೨೧ರ ಪರೀಕ್ಷೆಯೊಂದರಲ್ಲಿ ನಿಷಿದ್ಧ ಪದಾರ್ಥ ಕಂಡುಬಂದು, ಪೂವಮ್ಮನವರಿಗೇ ೨೦೨೨ರಲ್ಲಿ ಎರಡು ವರ್ಷಗಳ ನಿಷೇಧ ವಿಧಿಸಲಾಯಿತು. ಅಕ್ಕುಂಜಿಯವರೂ ೨೦೧೧ರಲ್ಲಿ ಇಂಥದೇ ಕಾರಣದಿಂದ ನಿಷೇಧಕ್ಕೆ ಒಳಗಾಗಿದ್ದರು. ಇಂಚಿಯಾನಿನ ಪದಕ ಇಂಚಿಯಾನಿನದು, ೨೦೨೧ರ ಪರೀಕ್ಷೆ ೨೦೨೧ರದು. ಒಂದನ್ನು ಮುಚ್ಚಿ ಇನ್ನೊಂದನ್ನು ಹೇಳುವವನು ಸ್ತುತಿಪಾಠಕನಾದಾನು ಅಥವಾ ನಿಂದಕನಾದಾನು, ಇತಿಹಾಸಕಾರನಾಗಲಾರನು.

ಈಗ ನಮ್ಮ ವಿದ್ಯಾರ್ಥಿನಿಯ ಪ್ರಶಸ್ತಿಪತ್ರಕ್ಕೆ ಹಿಂತಿರುಗುತ್ತೇವೆ. ಒಂದು ಭಾನುವಾರ ಆಕೆ ಇಬ್ಬರು ಗೆಳತಿಯರೊಡನೆ ಆ ಹಳೆಯ ಬಯಲಿಗೆ ಹೋಗಿ ಟೇಪು ಹಿಡಿದು ಸುತ್ತನ್ನು ಅಳೆದಳು. ಇನ್ನೂರು ಮೀಟರ್ ಎಂದು ಎಲ್ಲರೂ ನಂಬಿದ್ದ ಸುತ್ತು ೧೮೮ ಮೀಟರ್ ಇತ್ತು. ಎರಡು ಸುತ್ತಿಗೆ ೩೭೬ ಮೀಟರ್ ಮಾತ್ರ. ೬೩ ಸೆಕೆಂಡು ನಿಜ, ನಾನೂರು ಮೀಟರ್ ಸುಳ್ಳು. ಇದನ್ನು ಹೇಳಲು ಬಂದಾಗ ಆಕೆಯ ಮುಖ ಸಪ್ಪಗಿತ್ತು. ಅಳೆಯದೆಯೇ ಇದ್ದಿದ್ದರೆ ಚೆನ್ನಾಗಿತ್ತೇನೋ ಎಂದು ನಮಗೂ ಒಂದು ಗಳಿಗೆ ಅನಿಸಿತೆಂಬುದನ್ನು ಒಪ್ಪಿಕೊಳ್ಳುತ್ತೇವೆ.

ಬಯಲನ್ನು ಹಿಗ್ಗಿಸುವಂತಿರಲಿಲ್ಲ. ಆಕೆಯೇ ಉಪಾಯ ಹುಡುಕಿದಳು: ಹೊರಡುವ ಗೆರೆಯನ್ನು ೨೪ ಮೀಟರ್ ಹಿಂದಕ್ಕೆ ಎಳೆದಳು. ಮುಂದಿನ ವಾರ ಅಲ್ಲಿಂದ ಓಡಿದಾಗ ಆಕೆಯ ಕಾಲ ೬೭.೮ ಸೆಕೆಂಡು. ದಿನಾಂಕ, ಸುತ್ತಿನ ಅಳತೆ, ಕೈಗಡಿಯಾರದ ಎಣಿಕೆ ಎಂಬ ವಿವರ, ಕಾಲ ನೋಡಿದ ಇಬ್ಬರ ಸಹಿ—ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತಂದುಕೊಟ್ಟಳು. ಪೂವಮ್ಮನವರ ಇಂಚಿಯಾನಿನ ಕಾಲಕ್ಕಿಂತ ಹದಿನೈದು ಸೆಕೆಂಡಿಗೂ ಹೆಚ್ಚು ಹಿಂದೆ ಎಂಬುದು ಆಕೆಗೆ ಈಗ ನಿಶ್ಚಿತವಾಗಿ ಗೊತ್ತು. ಆ ಹಾಳೆಯನ್ನು ವಿಭಾಗದ ಕಡತದಲ್ಲಿ ಇರಿಸಿದ್ದೇವೆ. ಆಕರಗಳನ್ನು ಕುರಿತ ಪಾಠಕ್ಕೆ ಈ ವರ್ಷ ಅದನ್ನೇ ಮೊದಲ ಉದಾಹರಣೆಯಾಗಿ ಬಳಸಲಿದ್ದೇವೆ.