ಸಕ್ಕರೆ ಕಾಯಿಲೆ ಮನೆಯವರಿಗೆ, ಸೂಜಿ ಕಸದವರಿಗೆ!

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಊರು ಯಾವುದೇ ಇರಲಿ, ಬೆಳಗಾಗೆದ್ದು ಸಕ್ಕರೆ ಕಾಯಿಲೆಯ ಇಂಜೆಕ್ಷನ್ ತಾವೇ ಚುಚ್ಚಿಕೊಳ್ಳುವವರು ಇದ್ದೇ ಇದ್ದಾರೆ. ಹಾಸಿಗೆ ಹಿಡಿದ ಹಿರಿಯರಿಗೆ ಗಾಯದ ಪಟ್ಟಿ, ಮೂತ್ರದ ಚೀಲ ಎಲ್ಲವೂ ಮನೆಯಲ್ಲೇ. ಆಸ್ಪತ್ರೆಯ ಅಲೆದಾಟ ತಪ್ಪಿತು, ಬಸ್ ಚಾರ್ಜೂ ಉಳಿಯಿತು. ಸರಿ. ಆದರೆ ಚುಚ್ಚಿಕೊಂಡ ಸೂಜಿ ಹೋಗುವುದೆಲ್ಲಿಗೆ?

"ಎಲ್ಲಿಗೆ ಅಂದ್ರೆ? ಕಸದ ಬುಟ್ಟಿಗ್ರೀ!" ಎಂದುಬಿಡುವವರೇ ಹೆಚ್ಚು. ಬಾಳೆಸಿಪ್ಪೆ, ಚಹಾಪುಡಿಯ ಚರಟದ ಜೊತೆ ಸೂಜಿಯೂ ಕ್ಯಾರಿಬ್ಯಾಗಿನೊಳಗೆ. ಬೆಳಿಗ್ಗೆ ಕಸದ ಗಾಡಿ ಬರುತ್ತದೆ. ಹಸಿ, ಒಣ ಬೇರೆ ಮಾಡಲು ಪೌರಕಾರ್ಮಿಕರು ಚೀಲಕ್ಕೆ ಕೈಹಾಕುತ್ತಾರೆ. ಚುಚ್ಚುವುದು ಆಗ.

ಸಣ್ಣ ಚುಚ್ಚು ಎನ್ನುವಂತಿಲ್ಲ. ರೋಗಿಯ ರಕ್ತದಲ್ಲಿ ಹೆಪಟೈಟಿಸ್ ಬಿ ಇದ್ದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಅದು ಅಂಟುವ ಸಂಭವ ನೂರಕ್ಕೆ 30ರವರೆಗೂ ಉಂಟು, ಎಚ್.ಐ.ವಿ. ಆದರೆ ಸಾವಿರಕ್ಕೆ 3. ಇದು ಆಸ್ಪತ್ರೆಗಳಲ್ಲಿ ಸೂಜಿ ಚುಚ್ಚಿಸಿಕೊಂಡವರ ಲೆಕ್ಕ. ಹೆಪಟೈಟಿಸ್ ಬಿ ವೈರಸ್ಸಂತೂ ಮೈಯಿಂದ ಹೊರಗೆ 7 ದಿನವಾದರೂ ಬದುಕಿರಬಲ್ಲದು.

ಕಾನೂನು ಇಲ್ಲವೆಂದೇನಲ್ಲ. ಕೇಂದ್ರ ಸರ್ಕಾರದ 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮ ಮನೆಯ ಕಸದ ಮಾತನ್ನೂ ಆಡಿದೆ. ಮನೆಯವರು ಇಂಥದನ್ನು ಬೇರೆ ಚೀಲ, ಬೇರೆ ಡಬ್ಬಿಯಲ್ಲಿ ಕಸದವರಿಗೆ ಒಪ್ಪಿಸಬೇಕು. ಪಟ್ಟಣದ ಆಡಳಿತ ಅದನ್ನು ಸಂಸ್ಕರಣಾ ಘಟಕಕ್ಕೆ ಮುಟ್ಟಿಸುವ ಏರ್ಪಾಡು ಮಾಡಬೇಕು. ಕೊಡುವ ಕೈ, ಪಡೆಯುವ ಕೈ ಎರಡೂ ನೆಟ್ಟಗಿದ್ದರೆ ಕೆಲಸ ಸಲೀಸು.

ಖರ್ಚಿನ ಬಾಬತ್ತೂ ಅಲ್ಲ. ಖಾಲಿಯಾದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಒಂದಿದ್ದರೆ ಸಾಕು. ತೆಳು ನೀರಿನ ಬಾಟಲಿ ಬೇಡ, ಸೂಜಿ ತೂರಿ ಬರುತ್ತದೆ. ಚುಚ್ಚಿಕೊಂಡ ತಕ್ಷಣ ಸೂಜಿ ಡಬ್ಬಿಗೆ. ಮುಕ್ಕಾಲು ತುಂಬಿದೊಡನೆ ಮುಚ್ಚಳ ಬಿಗಿದು, ಟೇಪು ಸುತ್ತಿ, 'ಸೂಜಿ' ಎಂದು ದೊಡ್ಡದಾಗಿ ಬರೆದು, ಗಾಡಿಯವರಿಗೆ ಹೇಳಿ ಕೈಗೇ ಕೊಡಬೇಕು. ರಕ್ತ, ಕೀವಿನ ಪಟ್ಟಿಗಳದ್ದು ಬೇರೆ ಪೊಟ್ಟಣ. ಗಾಡಿಯಲ್ಲಿ ಇದಕ್ಕೆ ಬೇರೆ ಜಾಗವಿಲ್ಲವೇ? ವಾರ್ಡಿನ ಮೆಂಬರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

ಹಿತ್ತಲಲ್ಲಿ ಸುಟ್ಟರಾಯಿತು ಎನ್ನುವವರೂ ಇದ್ದಾರೆ. ಪ್ಲಾಸ್ಟಿಕ್ ಉರಿದು ವಿಷದ ಹೊಗೆಯಾಗುತ್ತದೆ, ಸೂಜಿ ಮಾತ್ರ ಬೂದಿಯಲ್ಲಿ ಹಾಗೇ ಉಳಿಯುತ್ತದೆ. ಬೂದಿ ತಿಪ್ಪೆಗೆ, ತಿಪ್ಪೆ ಗೊಬ್ಬರ ಹೊಲಕ್ಕೆ, ಹೊಲದಲ್ಲಿ ಬರಿಗಾಲು!

ಅಕಸ್ಮಾತ್ ಯಾರಿಗಾದರೂ ಚುಚ್ಚಿದರೆ ಹಿಂಡಬಾರದು, ಬಾಯಿಂದ ಚೀಪಬಾರದು. ಸೋಪು ನೀರಲ್ಲಿ ಚೆನ್ನಾಗಿ ತೊಳೆದು ನೇರ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಎಚ್.ಐ.ವಿ. ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಮೆಡಿಕಲ್ ಶಾಪಿನವರೂ ಸೂಜಿ ಕೊಡುವಾಗ "ಡಬ್ಬಿಗೆ ಹಾಕ್ರೀ ಯಜಮಾನ್ರೇ" ಎಂದು ಒಂದು ಮಾತು ಹೇಳಿದರೆ ಗಂಟೇನು ಹೋಗುವುದಿಲ್ಲ.

ಇವತ್ತು ರಾತ್ರಿ ಮನೆಗೆ ಹೋದವರು ಒಂದು ಡಬ್ಬಿ ಹುಡುಕಿಡಿ. ಬೆಳಗಾದರೆ ಗಾಡಿ ಬರುತ್ತದೆ.