ಕೃಷಿ ಹೊಂಡ: ಮಕ್ಕಳ ಸುರಕ್ಷತೆಗೆ ಅನುಸರಿಸಬೇಕಾದ ಕ್ರಮಗಳು



2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ರಾಜ್ಯದ ಮಳೆಯಾಶ್ರಿತ ಪ್ರದೇಶಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿವೆ. ಬೆಳೆಯನ್ನು ಉಳಿಸುವ ಈ ಹೊಂಡವು ಬೇಲಿಯಿಲ್ಲದಿದ್ದರೆ ಮನೆಯ ಮಕ್ಕಳಿಗೇ ಅಪಾಯಕಾರಿ.

ಅಪಾಯಕ್ಕೆ ಕಾರಣ

ನೀರು ಇಂಗದಂತೆ ಹಾಸುವ ಪಾಲಿಥೀನ್ ಹೊದಿಕೆಯು ಒದ್ದೆಯಾಗಿ ಪಾಚಿ ಕಟ್ಟಿದಾಗ ಅತಿಯಾಗಿ ಜಾರುತ್ತದೆ. 1:1 ಇಳಿಜಾರಿನ, 3 ಮೀಟರ್ ಆಳದ ಹೊಂಡದಲ್ಲಿ ಅಂಚಿನಿಂದ ತಳದವರೆಗಿನ ಇಳಿಜಾರು ಸುಮಾರು 4.2 ಮೀಟರ್. ಇದರಲ್ಲಿ ಕಾಲೂರಲು ಮೆಟ್ಟಿಲಾಗಲೀ, ಹಿಡಿಯಲು ಬೇರಾಗಲೀ ಇರುವುದಿಲ್ಲ. ಆದ್ದರಿಂದ ಈಜು ಬಲ್ಲವರೂ ಮೇಲೇರಲಾರರು. ನೀರು ಕಡಿಮೆಯಾದರೆ ಅಪಾಯವೂ ಕಡಿಮೆಯೆಂದು ಭಾವಿಸಬಾರದು. ಹತ್ತಬೇಕಾದ ಜಾರು ಇನ್ನಷ್ಟು ಉದ್ದವಾಗುತ್ತದೆ.

ಮುಂಜಾಗ್ರತಾ ಕ್ರಮಗಳು

• ಹೊಂಡದ ನಾಲ್ಕೂ ಬದಿಗೆ, ಅಂಚಿನಿಂದ ಕನಿಷ್ಠ 1 ಮೀಟರ್ ದೂರದಲ್ಲಿ, 4ರಿಂದ 5 ಅಡಿ ಎತ್ತರದ ಬೇಲಿ ಹಾಕಬೇಕು. ಬಿಡಿ ಮುಳ್ಳುತಂತಿಯ ನಡುವೆ ಮಗು ನುಸುಳಬಲ್ಲದು. ಜಾಲರಿ ಬೇಲಿ ಉತ್ತಮ.
• ಗೇಟು ಹೊರಕ್ಕೆ ತೆರೆಯುವಂತಿದ್ದು, ಚಿಲಕವು ಮಕ್ಕಳ ಕೈಗೆ ಎಟುಕದಂತಿರಲಿ.
• ಬೇಲಿಯ ಪಕ್ಕದಲ್ಲಿ ಮಕ್ಕಳು ಹತ್ತಬಹುದಾದ ಕಲ್ಲು, ಡ್ರಮ್ಮುಗಳನ್ನು ಇಡಬೇಡಿ.
• ಎರಡು ಬದಿಗಳಲ್ಲಿ ಗಟ್ಟಿ ಗೂಟಕ್ಕೆ ಕಟ್ಟಿದ, ಅಡಿಗೊಂದು ಗಂಟು ಹಾಕಿದ ಹಗ್ಗವನ್ನು ತಳ ಮುಟ್ಟುವಂತೆ ಇಳಿಬಿಡಿ. ಗಾಳಿ ತುಂಬಿದ ಟ್ಯೂಬನ್ನು ಸದಾ ಅಲ್ಲಿಯೇ ಇರಿಸಿ.
• ಕೈಕಾಲು ತೊಳೆಯಲು, ಔಷಧಿ ಬೆರೆಸಲು ನೀರನ್ನು ಬೇಲಿಯ ಹೊರಗಿನ ತೊಟ್ಟಿಗೆ ಪಂಪು ಮಾಡಿಕೊಳ್ಳಿ.
• ಹೊಲದ ಕೆಲಸದ ವೇಳೆ ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹಿರಿಯರನ್ನು ನೇಮಿಸಿ. ಮುಳುಗುವ ಮಗು ಕೂಗಿಕೊಳ್ಳಲಾರದು.

ಅವಘಡ ಸಂಭವಿಸಿದಲ್ಲಿ

ಹಗ್ಗವಿಲ್ಲದೆ ನೀರಿಗೆ ಧುಮುಕಬೇಡಿ. ಟ್ಯೂಬು, ಹಗ್ಗ ಅಥವಾ ಬಿದಿರುಗಳ ನೀಡಿ ಎಳೆಯಿರಿ. ಒಬ್ಬರು ಬಿದ್ದರೆ ಮತ್ತೊಬ್ಬರು ಇಳಿಯದೆ ದೊಡ್ಡವರನ್ನು ಕೂಗಬೇಕೆಂದು ಮಕ್ಕಳಿಗೆ ಕಲಿಸಿ. ಮೇಲೆತ್ತಿದ ಮಗುವನ್ನು ತಲೆಕೆಳಗಾಗಿಸುವುದು, ಹೊಟ್ಟೆ ಒತ್ತುವುದು ತಪ್ಪು. ಉಸಿರಾಟವಿಲ್ಲದಿದ್ದರೆ ಕೂಡಲೇ ಬಾಯಿಯ ಮೂಲಕ ಉಸಿರು ನೀಡಿ, ಎದೆ ಒತ್ತುವಿಕೆ ಆರಂಭಿಸಿ. ಜೊತೆಗಿರುವವರು 108ಕ್ಕೆ ಕರೆ ಮಾಡಲಿ. ಮಗು ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಬೇಕು.

ವಿಸ್ತರಣಾ ಕಾರ್ಯಕರ್ತರು ಹೊಂಡದ ಅಳತೆಯೊಂದಿಗೆ ಬೇಲಿಯನ್ನೂ ಪರಿಶೀಲಿಸಬೇಕು. ತಂತಿ ಬೇಲಿಯು ಕೃಷಿ ಭಾಗ್ಯ ಯೋಜನೆಯ ಘಟಕವಾಗಿದ್ದು, ಸಹಾಯಧನದ ವಿವರಕ್ಕೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು. ಬೇಲಿ ಪೂರ್ಣಗೊಂಡ ನಂತರವೇ ಹೊಂಡಕ್ಕೆ ನೀರು ತುಂಬಲು ಬಿಡಿ.