ಕಂಡ ಕಥೆ, ಕಟ್ಟಿದ ಹಾಡು

ಲಾವಣಿಯೆಂದರೆ ಸಂತೆ-ಜಾತ್ರೆಗಳ ವಿನೋದವೆಂದೂ, ವಿದ್ಯಾವಂತರು ಅದರಿಂದ ಕಲಿಯತಕ್ಕದ್ದೇನೂ ಇಲ್ಲವೆಂದೂ ಭಾವಿಸುವವರು ನಮ್ಮಲ್ಲಿ ಇನ್ನೂ ಉಂಟು. ಡಪ್ಪು-ತುಂತುಣಿಗಳ ನಾದ ಕಿವಿಗೆ ಬಿದ್ದೊಡನೆ ಮುಗುಳುನಕ್ಕು ಮುಂದೆ ಸಾಗುವ ಆ ಮಹನೀಯರಲ್ಲಿ ನಮ್ಮದೊಂದು ವಿಜ್ಞಾಪನೆ: ನಡೆದ ಸಂಗತಿಯನ್ನು ಹಾಡಾಗಿ ಕಟ್ಟುವುದೆಂದರೆ ಸಾಕ್ಷಿ ನುಡಿಯುವುದು. ಆ ಹೊಣೆ ಸಾಮಾನ್ಯವಾದುದಲ್ಲ.

ಹಲಗಲಿಯ ಬೇಡರ ಲಾವಣಿಯನ್ನೇ ತೆಗೆದುಕೊಳ್ಳೋಣ. ೧೮೫೭ರಲ್ಲಿ ಇಂಗ್ಲಿಷ್ ಸರಕಾರವು ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ಹೊರಡಿಸಿದಾಗ, ಮುಧೋಳ ಸಂಸ್ಥಾನದ ಆ ಸಣ್ಣ ಊರಿನ ಬೇಡರು ಆಯುಧ ಒಪ್ಪಿಸಲೊಲ್ಲದೆ ಎದುರುಬಿದ್ದರು. ದಂಡು ಬಂದಿತು, ಊರು ಉರಿದುಹೋಯಿತು, ಅದೇ ಡಿಸೆಂಬರದಲ್ಲಿ ೧೯ ಜನರನ್ನು ಗಲ್ಲಿಗೇರಿಸಿದರು. ಅಧಿಕಾರಿಗಳ ದೃಷ್ಟಿಗೆ ಇದೊಂದು ದಂಗೆ. ಲಾವಣಿಕಾರನ ದೃಷ್ಟಿಯಾದರೋ ಮನೆಯೊಳಗೂ ಹೊಕ್ಕಿತು. ಸುಲಿಗೆಯಾದ ವಸ್ತುಗಳನ್ನು ಆತನು ಒಂದೊಂದಾಗಿ ಎಣಿಸುತ್ತಾನೆ: ಕೊಡಲಿ, ಹಾಲು-ಮೊಸರು, ಉಪ್ಪು-ಎಣ್ಣೆ, ಬೀಸುಕಲ್ಲು, ಕಡೆಗೆ ಮಂಗಳಸೂತ್ರ. ಬೀಸುಕಲ್ಲು ಹೋದ ಮನೆಯಲ್ಲಿ ಮರುದಿನದ ರೊಟ್ಟಿಯೆಲ್ಲಿ? ಹತ್ತು ವಿಶೇಷಣಗಳು ಸೇರಿದರೂ ಹೇಳಲಾರದುದನ್ನು ಆ ಒಂದು ಕಲ್ಲು ಹೇಳುತ್ತದೆ. ಕಂಡಷ್ಟನ್ನು ಬಣ್ಣಿಸಿದೆನೆಂದು ಹೇಳಿ, ಕುರ್ತಕೋಟಿಯ ಕಲ್ಮೇಶನನ್ನು ಸ್ಮರಿಸಿ ಕವಿ ಸುಮ್ಮನಾಗುತ್ತಾನೆ.

೧೮೮೦ರ ದಶಕದಲ್ಲಿ ಇಂಥ ಲಾವಣಿಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದವನು ಮುಂಬಯಿ ಸರಕಾರದ ಅಧಿಕಾರಿಯಾದ ಜಾನ್ ಫೇಥ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷನು. ನಮ್ಮವರು ಕಡೆಗಣಿಸಿದ ಹಾಡನ್ನು ಪರರು ಮನ್ನಿಸಿದರೆಂಬುದು ನಾವು ನಾಚತಕ್ಕ ಮಾತಲ್ಲವೇ?

ಅದೇ ಸಂಗ್ರಹದಲ್ಲಿ ಸಂಗ್ಯಾನ ಲಾವಣಿಯೂ ಇದೆ. ಬೈಲಹೊಂಗಲದಲ್ಲಿ ನಡೆದುದೆನ್ನಲಾದ ಈ ಕೊಲೆಯ ಕಥೆಯೇ ಮುಂದೆ 'ಸಂಗ್ಯಾ-ಬಾಳ್ಯಾ' ಎಂಬ ಸಣ್ಣಾಟವಾಗಿ ರಂಗವನ್ನೇರಿತು. ಲಾವಣಿಯಲ್ಲಿ ಹಾಡುಗಾರನೊಬ್ಬನೇ ಎಲ್ಲರ ಕಥೆಯನ್ನು ಹೇಳುವನು. ಸಣ್ಣಾಟದಲ್ಲಿಯಾದರೋ ಮೋಹಿತನಾದ ಸಂಗ್ಯಾ, ಮನಸೋತ ಗಂಗಿ, ಗೆಳೆಯನಿಗೆ ಎರಡು ಬಗೆಯುವ ಬಾಳ್ಯಾ, ಮಾನ ಕಳೆದುಕೊಂಡ ಈರಣ್ಣ, ಇವರಲ್ಲಿ ಪ್ರತಿಯೊಬ್ಬರೂ ತಮ್ಮ ಮಾತನ್ನು ತಾವೇ ಹಾಡಬೇಕು. ಹಿಮ್ಮೇಳದವರು ಅದನ್ನು ಎತ್ತಿಕೊಳ್ಳಬೇಕು. ಆದುದರಿಂದ ಪದ ಕಟ್ಟುವವನು ತಾನು ಮೆಚ್ಚದವನ ಬಾಯಿಗೂ ನ್ಯಾಯವಾದ ಮಾತನ್ನು ಒದಗಿಸಬೇಕಾಗುತ್ತದೆ. ಸಂಗ್ಯಾನು ತಪ್ಪಿತಸ್ಥನೆಂಬುದನ್ನು ಬಲ್ಲ ಪ್ರೇಕ್ಷಕನು ಅವನ ಸಾವಿಗೆ ಮರುಗುವುದು ಈ ನ್ಯಾಯದಿಂದಲೇ.

ಇಂದು ವೀರರನ್ನು ಕುರಿತು ಹಾಡು ಕಟ್ಟುವ ತರುಣರಿಗೆ ಕೊರತೆಯಿಲ್ಲ. ಅವರ ಉತ್ಸಾಹವು ಸ್ತುತ್ಯವೇ ಸರಿ. ಆದರೆ 'ಧೀರ', 'ಶೂರ', 'ಸಿಂಹ' ಎಂಬ ಶಬ್ದಗಳ ರಾಶಿಯಲ್ಲಿ ಮನುಷ್ಯನೇ ಕಾಣದಂತಾಗುವನು. ಹೆಸರು ಬದಲಿಸಿದರೆ ಅದೇ ಹಾಡು ಮತ್ತೊಬ್ಬನಿಗೂ ಸಲ್ಲುವುದು. ಸತ್ತವರು ಎದ್ದುಬಂದು ತಮ್ಮ ಕಥೆಯನ್ನು ತಿದ್ದಲಾರರು. ಅವರ ಊರು ಯಾವುದು, ಮನೆಯಲ್ಲಿ ಏನಿತ್ತು, ಏನು ಹೋಯಿತು, ಯಾರು ಅತ್ತರು ಎಂಬುದನ್ನು ವಿಚಾರಿಸದೆ ಲೇಖನಿಯನ್ನು ಹಿಡಿಯುವುದು ಅವರಿಗೆ ಮಾಡುವ ಅಪಚಾರವೇ ಆದೀತು.

ಪದ ಕಟ್ಟಬಯಸುವವರು ಮೊದಲು ಆ ಊರಿಗೆ ಹೋಗಲಿ. ಹಿರಿಯರ ಬಳಿ ಕುಳಿತು ಕೇಳಲಿ. ರಾಗ-ತಾಳಗಳನ್ನು ಆಮೇಲೆ ಹೊಂದಿಸಿಕೊಳ್ಳಬಹುದು. ಓದುಬಲ್ಲವರೂ ಮುಂದಿನ ಜಾತ್ರೆಯಲ್ಲಿ ಡಪ್ಪಿನ ನಾದ ಕೇಳಿದಾಗ ಅರೆಗಳಿಗೆ ನಿಂತು ಆಲಿಸಲಿ. ತಮ್ಮ ಅಜ್ಜನ ಊರಿನ ಹೆಸರು ಆ ಹಾಡಿನಲ್ಲಿ ಬಂದರೂ ಬಂದೀತು.